ಅತ್ತಿಗೆ ತಂದ ಚಾಸಿ

ಕುಣಿಗಲ್
ನವೆಂಬರ್ 1989

ಅತ್ತಿಗೆಯವರಿಗೆ,

ನಿಮ್ಮ ಮೈದುನ ಪುಟ್ಟರಂಗಯ್ಯ ಕುಣಿಗಲ್ಲಿನಿಂದ ಕೈಮುಗಿದು ಬರೆಯುವುದು. ನಾವಿಲ್ಲಿ ಚೆನ್ನಾಗಿದ್ದೇವೆ. ಈ ಕಾಗದವನ್ನು ಅಣ್ಣನ ಕೈಗೆ ಕೊಟ್ಟು ಓದಿಸಬೇಡಿ. ಅವನು ಅರ್ಧ ಓದಿ, "ಇವನಿಗೆ ಬ್ಯಾರೆ ಕೆಲ್ಸ ಇಲ್ಲ" ಎಂದು ಮಡಿಸಿ ಸೂರಿಗೆ ಸಿಕ್ಕಿಸಿಬಿಡುತ್ತಾನೆ. ನೀವೇ ನಿಧಾನವಾಗಿ ಓದಿ. ನಾಲ್ಕನೆಯ ಕ್ಲಾಸಿನವರೆಗೆ ಓದಿದವರು ನೀವು, ನನ್ನ ಅಕ್ಷರವೂ ದಪ್ಪಗಿದೆ, ಏನೂ ಕಷ್ಟವಾಗದು. ಮೊನ್ನೆ ನಿಮ್ಮ ಮೇಲೆ ಕೋಪ ಬಂದಿತ್ತು. ಈಗ ಹೋಗಿದೆ. ಯಾಕೆ ಬಂತು, ಯಾಕೆ ಹೋಯಿತು ಎನ್ನುವುದನ್ನು ಕಡೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ನಕ್ಕು ಕಾಗದ ಮಡಿಸಿಟ್ಟು ಒಲೆಯ ಹತ್ತಿರ ಎದ್ದು ಹೋಗುತ್ತೀರಿ, ಅದು ನನಗೆ ಗೊತ್ತು.

ನಮ್ಮ ಪಿಕಪ್ ಬಂದ ಹೊಸತು ನಿಮಗೆ ನೆನಪಿರಬೇಕು. ಎಂಬತ್ತನಾಲ್ಕರ ಶ್ರಾವಣದಲ್ಲಿ ತುಮಕೂರಿನಿಂದ ತಂದೆವು. ಸಿ.ಎಸ್. ಪುರದಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಬೆಳಿಗ್ಗೆ ಸುತ್ತಲ ಹಳ್ಳಿಗಳ ಹಾಲಿನ ಕ್ಯಾನು ತುಂಬಿಕೊಂಡು ತುಮಕೂರಿಗೆ ಹೋಗುವುದು, ಬರುವಾಗ ಹಿಂಡಿ ಬೂಸ ತರುವುದು, ಸುಗ್ಗಿಯಲ್ಲಿ ತೆಂಗಿನಕಾಯಿ. ಹಾಲು ಚೆಲ್ಲಿದರೆ ನಾತ ಬರುತ್ತದೆಂದು ದಿನಾ ಸಂಜೆ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ತೊಳೆಯುತ್ತಿದ್ದೆ. "ಎಮ್ಮೆಗೂ ಇಷ್ಟು ಮೈ ತೊಳೆಯಲ್ಲ ಕಣ್ಲಾ, ನಿನ್ನ ಹೆಂಡ್ತಿ ಬಂದ್ರೆ ಹೊಟ್ಟೆ ಉರ್ಕೊಂಡಾಳು" ಎಂದು ನೀವು ಹಿತ್ತಲಿನಿಂದ ರೇಗಿಸುತ್ತಿದ್ದಿರಿ. ಆಗ ಕುಣಿಗಲ್ಲಿನವರ ಜೊತೆ ನನ್ನ ಮದುವೆಯ ಮಾತು ನಡೆಯುತ್ತಿತ್ತು.

ಮಾರನೆಯ ವರ್ಷದ ಮಳೆಗಾಲದಲ್ಲಿ, ಗುಬ್ಬಿಯ ರಸ್ತೆಯ ಒಂದು ಗುಂಡಿಗೆ ಹಿಂದಿನ ಚಕ್ರ ಇಳಿದಾಗ ಟಣ್ಣೆಂದಿತು. ಸ್ಪ್ರಿಂಗಿನ ಪಟ್ಟಿ ಮುರಿದಿರಬೇಕೆಂದು ಇಳಿದು, ಬಗ್ಗಿ ನೋಡಿದೆ. ಮುರಿದದ್ದು ಪಟ್ಟಿಯಲ್ಲ, ಚಾಸಿ. ಇಡೀ ಗಾಡಿಯನ್ನು ಹೊತ್ತುಕೊಂಡಿರುವ ಕಬ್ಬಿಣದ ಚೌಕಟ್ಟು ಅದು. ಬಿರುಕು ಬಿಟ್ಟಿದ್ದ ಕಡೆ ಬೆರಳಿಟ್ಟು ಒತ್ತಿದರೆ ಹಳೆಯ ಹಪ್ಪಳದ ಹಾಗೆ ತುಕ್ಕು ಉದುರಿತು. ಹೊರಗೆ ಕಪ್ಪು ಬಣ್ಣ ಚೆನ್ನಾಗಿಯೇ ಇತ್ತು, ಒಳಗಿಂದ ತಿಂದುಹೋಗಿತ್ತು. ಚಾಸಿಗೆ ಎರಡು ವರ್ಷ ಗ್ಯಾರಂಟಿ ಎಂದು ಕೊಡುವಾಗ ಹೇಳಿದ್ದರಲ್ಲ, ಹಾಗಾಗಿ ನಾನೂ ಅಣ್ಣನೂ ಧೈರ್ಯವಾಗಿಯೇ ಬಿ.ಎಚ್. ರಸ್ತೆಯ ಆ ಷೋರೂಮಿಗೆ ಹೋದೆವು.

ಅಲ್ಲಿಯ ಮ್ಯಾನೇಜರು ನಾವು ಒಯ್ದಿದ್ದ ಬಿರುಕಿನ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ನನ್ನ ಕಡೆ ಕಣ್ಣೆತ್ತದೆ ಅಣ್ಣನಿಗೆ ಹೇಳಿದ: "ಇದು ಉಪ್ಪಿನ ಲೋಡ್ ಹೊಡೆದಿರೋ ಗಾಡಿ ಯಜಮಾನ್ರೇ. ಉಪ್ಪು ಹೊತ್ತ ಗಾಡಿಗೆ ಗ್ಯಾರಂಟಿ ಬರಲ್ಲ. ಗುಬ್ಬಿ ಗೂಡ್ಸ್ ಶೆಡ್ಡಿಗೆ ಉಪ್ಪಿನ ವ್ಯಾಗನ್ ಬರ್ತವೆ, ಡ್ರೈವರ್‌ಗಳು ಮನೇಲಿ ಹೇಳ್ದೆ ಬಾಡಿಗೆ ಹೊಡ್ಕೋತಾರೆ. ನಿಮ್ ಹುಡುಗನ್ನೇ ಕೇಳಿ." ಅಣ್ಣ ನನ್ನನ್ನು ಕೇಳಲಿಲ್ಲ, ಸುಮ್ಮನೆ ನೋಡಿದ. ಆ ನೋಟ ಇವತ್ತಿಗೂ ನನಗೆ ಬೇಡ ಅತ್ತಿಗೆ. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕದರಯ್ಯ ನನ್ನ ಗೆಳೆಯ, ಅವನ ಜೊತೆ ನಾನು ದಿನಾ ಟೀ ಕುಡಿಯುತ್ತೇನೆ ಎನ್ನುವುದು ಅಣ್ಣನಿಗೆ ಗೊತ್ತಿತ್ತು. ಲೆಕ್ಕ ತಾಳೆಯಾಗಿಹೋಯಿತು.

ದೇವರಾಣೆ, ಒಂದು ಚೀಲ ಉಪ್ಪನ್ನೂ ನಾನು ಹೊತ್ತಿರಲಿಲ್ಲ. ಎಷ್ಟು ಹೇಳಿದರೂ ಅಣ್ಣ ತಲೆಯೆತ್ತಲಿಲ್ಲ. ಮನೆಗೆ ಬಂದು, "ಕೀ ಅಲ್ಲಿಡು" ಎಂದ. ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅಣ್ಣತಮ್ಮಂದಿರಲ್ಲಿ ಅದೇನು ಹೊಸದಲ್ಲ. ಅವನು ಮಾತೇ ಬಿಟ್ಟ. ಹಾಲಿನ ಕ್ಯಾನು ಬೇರೆಯವರ ಗಾಡಿಗೆ ಹೋಯಿತು. ದಸರಾ ಹಬ್ಬ ಕಳೆದ ಮೇಲೆ ನನ್ನನ್ನು ಹೆಬ್ಬೂರಿನ ಮಾವನ ಮನೆಗೆ ಕಳಿಸಿಬಿಡುವುದೆಂದು ತೀರ್ಮಾನ ಮಾಡಿದ. ಊರಲ್ಲಿ ಮಾತು ನಿಲ್ಲುತ್ತದೆಯೇ? 'ಅಣ್ಣನ ಗಾಡಿಯನ್ನೇ ತಿಂದವನು' ಎಂದು ಕುಣಿಗಲ್ಲಿಗೂ ಮುಟ್ಟಿತು, ಹೆಣ್ಣು ಕೊಡುವವರು ಸುಮ್ಮನಾದರು. ನನ್ನ ಅಷ್ಟು ವರ್ಷದ ಮರ್ಯಾದೆ ಒಂದು ತುಂಡು ತುಕ್ಕಿನ ಜೊತೆ ಉದುರಿಹೋಗಿತ್ತು.

ಆಗ ನನ್ನನ್ನು ಏನೂ ಕೇಳದೆ ಇದ್ದವರು ನೀವೊಬ್ಬರೇ. ಉಪ್ಪು ಹೊತ್ತೆಯಾ ಎನ್ನಲಿಲ್ಲ, ಹೊತ್ತಿಲ್ಲ ಬಿಡು ಎಂದು ಸಮಾಧಾನವನ್ನೂ ಹೇಳಲಿಲ್ಲ. ನಾನು ಕೊಟ್ಟಿಗೆಯ ಜಗುಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರೆ ಬಂದು, "ಏಳ್ಲಾ ಪುಟ್ಟ, ಮುದ್ದೆ ಆರೋಯ್ತದೆ. ಕಬ್ಬಿಣ ಮುರಿದ್ರೆ ಹೊಟ್ಟೆ ಯಾಕೆ ಒಣಗಿಸ್ತೀಯ" ಎಂದು ಎಬ್ಬಿಸಿದಿರಿ. ಆವತ್ತು ಬಸ್ಸಾರು ಮಾಡಿದ್ದಿರಿ. ಉಣ್ಣುತ್ತಾ ಉಣ್ಣುತ್ತಾ ನನಗೆ ಅಳು ಬಂತು, ನೀವು ನೋಡಿಯೂ ನೋಡದವರ ಹಾಗೆ ಇನ್ನೊಂದು ಸೌಟು ಬಡಿಸಿದಿರಿ.

ಆಮೇಲೆ ನೀವೊಬ್ಬರೇ ಬಸ್ಸು ಹತ್ತಿ ಷೋರೂಮಿಗೆ ಹೋಗಿಬಂದಿರಿ. ತುಮಕೂರಿಗೆ ಸೀರೆ ತರುವುದಕ್ಕೂ ಅಣ್ಣನ ಹಿಂದೆ ಹೋಗುತ್ತಿದ್ದವರು. ಆ ಮ್ಯಾನೇಜರು ನಿಮ್ಮನ್ನು ಸಾಗಹಾಕಲು, "ಆಯುಧಪೂಜೆಗೆ ಕಂಪನಿ ಇಂಜಿನಿಯರ್ ಬರ್ತಾರೆ, ಆಗ ಬನ್ನಿ ತಾಯಿ, ನೋಡೋಣ" ಎಂದನಂತೆ. ಅದನ್ನು ನೀವು ಹಬ್ಬದ ಕರೆಯೆಂದೇ ತಿಳಿದುಬಿಟ್ಟಿರಿ. ಮನೆಗೆ ಬಂದು ಅಣ್ಣನ ಮುಂದೆ, "ಅವ್ರೇ ಕರ್ದವ್ರೆ, ಗಾಡಿ ಪೂಜೆ ಈ ಸಲ ಅಲ್ಲೇ. ಕೀ ಕೊಡಿ" ಎಂದಿರಿ. ಬೇರೆ ಯಾವುದಕ್ಕೆ ಕೇಳಿದ್ದರೂ ಅವನು ಕೊಡುತ್ತಿರಲಿಲ್ಲ. ಪೂಜೆಗೆ ಗಾಡಿ ಹೊರಡಬಾರದು ಎನ್ನುವ ಬಾಯಿ ಯಾರಿಗಿದೆ?

ಬಿರುಕಿಗೆ ಮರದ ದಿಮ್ಮಿ ಕೊಟ್ಟು ಸರಪಳಿ ಸುತ್ತಿದೆ. ಖಾಲಿ ಗಾಡಿಯನ್ನು ಎತ್ತಿನಗಾಡಿಯ ಹಾಗೆ ನಡೆಸಿಕೊಂಡು ಹೊರಟೆವು. ಸ್ಟೀರಿಂಗಿನಲ್ಲಿ ನಾನು, ನಡುವೆ ಅಣ್ಣ, ಆ ಕಡೆ ಬಾಗಿಲಿಗೆ ನೀವು, ಮಡಿಲಲ್ಲಿ ಬೂದುಗುಂಬಳ. ತುಮಕೂರು ಮುಟ್ಟುವವರೆಗೆ ನೀವು ಗುಂಡಿ ಬಂದಾಗಲೆಲ್ಲ "ರಂಗನಾಥ" ಎನ್ನುತ್ತಿದ್ದಿರಿ.

ಷೋರೂಮಿನ ಅಂಗಳದಲ್ಲಿ ಬಾಳೆಕಂದು, ಚೆಂಡುಹೂ, ಕಡ್ಲೆಪುರಿಯ ಮೂಟೆ. ಹೊಸ ಗಾಡಿ ತೆಗೆದುಕೊಳ್ಳುವವರು ಹೆಂಡಿರು ಮಕ್ಕಳ ಸಮೇತ ಬಂದಿದ್ದರು. ಹಳೆಯ ಗಾಡಿಗಳು ಒಂದು ಸಾಲು, ಹೊಸವು ಇನ್ನೊಂದು ಸಾಲು. ನಮ್ಮದನ್ನು ನೀವು ಹಟಮಾಡಿ ಹೊಸ ಗಾಡಿಗಳ ಎದುರಿಗೇ ನಿಲ್ಲಿಸಿದಿರಿ. ಅರ್ಚಕರು ಆರತಿ ಹಿಡಿದು ಒಂದೊಂದೇ ಗಾಡಿಗೆ ಕುಂಕುಮ ಇಟ್ಟುಕೊಂಡು ಬಂದು ನಮ್ಮ ಗಾಡಿಯ ಮುಂದೆ ನಿಂತಾಗ ನೀವು ಸೆರಗು ಹೊದ್ದು ಕೈಮುಗಿದಿರಿ. "ಸ್ವಾಮಿ, ಇದು ಮುರಿದೈತೆ. ಮುಚ್ಚಿಟ್ಟು ಪೂಜೆ ಮಾಡಿಸ್ಕೊಂಡ್ರೆ ನಮಗೂ ಪಾಪ, ನಿಮಗೂ ಪಾಪ. ಭಿನ್ನ ಆಗಿರೋದಕ್ಕೆ ಪೂಜೆ ಮಾಡಬೋದಾ?"

ಅರ್ಚಕರು ಆರತಿಯನ್ನು ಹಿಂದಕ್ಕೆ ತೆಗೆದುಕೊಂಡರು. "ಭಿನ್ನ ಅಂದ ಮೇಲೆ ಹೇಗಮ್ಮ? ಸರಿ ಮಾಡಿಸ್ಕೊಂಡು ಬನ್ನಿ, ಧಾರಾಳವಾಗಿ ಮಾಡೋಣ" ಎಂದು ಮುಂದಿನ ಗಾಡಿಗೆ ಹೋದರು. ಹೂವಿಲ್ಲದೆ, ಕುಂಕುಮವಿಲ್ಲದೆ ನಮ್ಮ ಗಾಡಿಯೊಂದು ಆ ಸಾಲಿನಲ್ಲಿ ನಿಂತಿತು. ಷೋರೂಮಿನ ಸಾಹುಕಾರರು ದೈವಭಕ್ತರು. ತಮ್ಮ ಅಂಗಳದಲ್ಲಿ, ಅದೂ ಆಯುಧಪೂಜೆಯ ದಿನ, ಪೂಜೆ ಇಲ್ಲದ ಗಾಡಿ ನಿಂತಿತೆಂದು ಅವರ ಮುಖ ಬಾಡಿತು. ಹೊಸ ಗಾಡಿಯವರು ಒಬ್ಬೊಬ್ಬರೇ ಬಂದು, "ಏನಮ್ಮ ಮುರಿದಿರೋದು?" ಎಂದು ಕೇಳತೊಡಗಿದರು. ನೀವು ತಗ್ಗಿದ ದನಿಯಲ್ಲಿ, ಮದುವೆಮನೆಯಲ್ಲಿ ಎಲೆ ಎಲ್ಲಿ ಹಾಕಿದ್ದಾರೆಂದು ತೋರಿಸುವವರ ಹಾಗೆ ಕೆಳಗೆ ಕೈತೋರಿಸಿದಿರಿ. ಅವರು ಬಗ್ಗಿ ನೋಡಿದರು. ಆಮೇಲೆ ಹೋಗಿ ತಮ್ಮ ತಮ್ಮ ಹೊಸ ಗಾಡಿಯ ಕೆಳಗೂ ಬಗ್ಗಿದರು. ಪಂಚೆ ಉಟ್ಟವರೆಲ್ಲ ಅಂಗಳದ ತುಂಬ ಬಗ್ಗಿಕೊಂಡಿದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ತಡೆಯುವುದಿಲ್ಲ.

ಮ್ಯಾನೇಜರು ಓಡಿಬಂದ. "ಉಪ್ಪು ಹೊತ್ತು ಗಾಡಿ ಕೆಡಿಸ್ಕೊಂಡು ಇಲ್ಲಿ ಬಂದು ನಮ್ಮ ಮಾನ ಕಳೀತೀರಾ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಅಣ್ಣ ನೆಲ ನೋಡಿದ. ನೀವು ಹಿಂದಿನ ಬಾಡಿಯ ಮರದ ಹಲಗೆಯ ಮೇಲೆ ಕೈಯಿಟ್ಟಿರಿ.

"ನಮ್ ಹುಡ್ಗ ಉಪ್ಪು ಹೊತ್ತಿಲ್ಲ. ಹೊತ್ತಿದ್ರೆ ಈ ಹಲಗೆ ಉಪ್ಪು ಕುಡಿದಿರೋದು. ನಮ್ಮ ಅಡಿಗೆಮನೆ ಉಪ್ಪಿನ ಮರದ ಮರಿಗೆ ಎಷ್ಟು ತೊಳೆದ್ರೂ ಉಪ್ಪುಪ್ಪೇ. ಗಾಡಿ ತಂದಾಗಿಂದ ಇದೇ ಹಲಗೆ. ಯಾರಿಗೆ ಅನುಮಾನ ಐತೋ ಅವ್ರು ಬಂದು ನೆಕ್ಕಿ ನೋಡ್ಲಿ."

ಕಂಪನಿ ಇಂಜಿನಿಯರು ಪುಣೆಯ ಕಡೆಯ ಹುಡುಗ, ಕನ್ನಡ ಬಾರದು. ಏನಂತೆ ಎಂದು ಸಾಹುಕಾರರನ್ನು ಕೇಳಿದ. ಅವರು ಹೇಳಿದರು. ಆ ಪುಣ್ಯಾತ್ಮ ನಕ್ಕ, ಆದರೆ ನಕ್ಕು ಬಿಟ್ಟುಬಿಡಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಹಲಗೆಯನ್ನು ಉಜ್ಜಿ ನಾಲಿಗೆಗೆ ಇಟ್ಟುಕೊಂಡ. ಇನ್ನೊಂದು ಮೂಲೆಯಲ್ಲೂ ಉಜ್ಜಿ ನೋಡಿದ. "ನಮಕ್ ನಹೀ ಹೈ", ಉಪ್ಪಿಲ್ಲ, ಎಂದ. ಇಸ್ತ್ರಿ ಅಂಗಿಯಲ್ಲೇ ಟಾರ್ಚು ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ತೂರಿಕೊಂಡ. ಹೊರಬಂದಾಗ ಮೈಯೆಲ್ಲ ಕೆಂಪು ಪುಡಿ. ಚಾಸಿಯ ಒಳಗೋಡೆಗೆ ಬಣ್ಣವೇ ಹೋಗಿಲ್ಲ, ಒಳಗೆ ನಿಂತ ನೀರು ಇಳಿಯಲು ದಾರಿಯಿಲ್ಲ, ತಪ್ಪು ಕಂಪನಿಯದು, ಚಾಸಿ ಬದಲಾಯಿಸಿಕೊಡುತ್ತೇವೆ ಎಂದು ಸಾಹುಕಾರರಿಗೆ ಹೇಳಿದ.

ಬೇರೆ ಯಾರಾದರೂ ಅಷ್ಟಕ್ಕೆ ಕಾಯಿ ಒಡೆದು ಮನೆಗೆ ಹೊರಡುತ್ತಿದ್ದರು. ನೀವು ಕದಲಲಿಲ್ಲ. "ಕಬ್ಬಿಣ ಆಮೇಲೆ ಕೊಡಿ. ಮೊದ್ಲು ಆ ಮಾತನ್ನ ನಮ್ ಮನೆಯವ್ರಿಗೆ ಹೇಳಿ. ಉಪ್ಪು ಅಂದ ಬಾಯಲ್ಲೇ ಹೇಳ್ಲಿ" ಎಂದಿರಿ. ಮ್ಯಾನೇಜರು ಸಾಹುಕಾರರ ಮುಖ ನೋಡಿದ, ಅವರು ತಲೆಯಾಡಿಸಿದರು. ಅವನು ಅಣ್ಣನ ಮುಂದೆ ಬಂದು, "ನಿಮ್ ತಮ್ಮಂದು ಏನೂ ತಪ್ಪಿಲ್ಲ ಯಜಮಾನ್ರೇ" ಎಂದ. ಅಣ್ಣ ಕಡ್ಲೆಪುರಿಯ ಪೊಟ್ಟಣ ಬಿಚ್ಚಿ ನನ್ನ ಕಡೆ ಚಾಚಿ, "ತಗೊಳ್ಲಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಎಂದ. ನನಗೆ ಅಷ್ಟು ಸಾಕಾಯಿತು.

ಹೊಸ ಚಾಸಿ ಬಂತು, ಅದರ ಮೇಲೆ ನಮ್ಮ ಹಳೆಯ ಬಾಡಿ ಕೂತಿತು, ಹಾಲು ಮತ್ತೆ ನಮ್ಮ ಗಾಡಿಗೇ ಬಂತು. ಕುಣಿಗಲ್ಲಿನವರು ತಾವಾಗಿಯೇ ಹೇಳಿಕಳಿಸಿದರು. ಇವತ್ತು ನನಗೆ ಇಲ್ಲಿ ಹೆಂಡತಿ, ಮಗು, ಸ್ವಂತದ್ದೊಂದು ಗಾಡಿ ಇದ್ದರೆ ಆ ಅಂಗಳದಲ್ಲಿ ನೀವು ನಿಂತದ್ದರಿಂದ. ಈ ಮಾತನ್ನು ಎದುರಿಗೆ ಹೇಳಲು ಹೋದರೆ ನೀವು "ಹೋಗ್ಲಾ ಸಾಕು" ಎನ್ನುತ್ತೀರಿ. ಇಷ್ಟು ವರ್ಷ ನಾನು ಹೆಂಡತಿಯ ಹತ್ತಿರ, ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದ್ದು ಒಂದೇ: ಊರೆಲ್ಲ ಅನುಮಾನಪಟ್ಟಾಗ ನಮ್ಮ ಅತ್ತಿಗೆ ಕಣ್ಣುಮುಚ್ಚಿ ನಂಬಿದರು.

ಮೊನ್ನೆ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಊರಿನಲ್ಲಿ ನಮ್ಮ ಪಕ್ಕದ ಮನೆಯ ಹನುಮಕ್ಕ ಸಿಕ್ಕಳು. ಇಲ್ಲಿಗೆ ಹತ್ತಿರದ ಹಳ್ಳಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಳಂತೆ. ಅದೇ ಮಾತನ್ನು ಅವಳ ಮುಂದೆಯೂ ಹೇಳಿದೆ. ಅವಳು ಎಲೆಅಡಿಕೆ ಉಗಿದು ಬಿದ್ದುಬಿದ್ದು ನಕ್ಕಳು. "ಕಣ್ಮುಚ್ಚಿ ನಂಬೋದಾ? ಹಬ್ಬಕ್ಕೆ ಮುಂಚೆ ಒಂದಿನ ಬೆಳಗಾಗೆ ಹಾಲು ಹಿಡ್ಕೊಂಡು ನಿಮ್ಮನೆ ಮುಂದೆ ಹೋಗ್ತಿದ್ರೆ, ನಿಮ್ಮತ್ಗೆ ಗಾಡಿ ಮೇಲೆ ಮಂಡಿ ಊರ್ಕೊಂಡು ಹಲಗೆ ನೆಕ್ತಾ ಕೂತಿದ್ಲು. ಒಂದೊಂದೇ ಹಲಗೆ. ದೆವ್ವ ಬಡ್ಕೊಂತೇನೋ ಅಂತ ನಾನು ಕ್ಯಾನ್ ಬೀಳಿಸಿದ್ದೆ" ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಹೋದಳು.

ನಿಮ್ಮ ಮೇಲೆ ಕೋಪ ಬಂದದ್ದು ಆಗಲೇ ಅತ್ತಿಗೆ. ನೀವೂ ಅನುಮಾನಪಟ್ಟಿರಿ. ಮುದ್ದೆ ಬಡಿಸಿದ ಕೈ, ಬೆಳಗಾಗೆ ಎದ್ದು ನನ್ನನ್ನೇ ಪರೀಕ್ಷೆ ಮಾಡಿತು. ರಾತ್ರಿ ಊಟ ಬೇಡವೆಂದೆ. ಹೆಂಡತಿ ಕೇಳಿದಳು, ಹೇಳಿದೆ. ಅವಳು ಮಗುವಿಗೆ ತಟ್ಟುತ್ತಾ, "ಕೇಳಿದ್ರೆ ನೀವು ನೊಂದ್ಕೋತಿದ್ರಿ, ಅದಕ್ಕೆ ಹಲಗೇನ ಕೇಳವ್ರೆ" ಎಂದಳು. ಆದರೂ ಮನಸ್ಸು ಇಳಿಯಲಿಲ್ಲ. ಮಾರನೆಯ ದಿನ ಹನುಮಕ್ಕನ ಮಗಳ ಮನೆ ಹುಡುಕಿಕೊಂಡು ಹೋಗಿ, ಪೂರ್ತಿ ಹೇಳು, ಆಮೇಲೆ ಏನಾಯಿತು ಎಂದು ಕೂತೆ.

ಆಮೇಲೆ ಏನೂ ಆಗಲಿಲ್ಲವಂತೆ. ನೀವು ಅವಳನ್ನು ನೋಡಿ ಗಾಡಿಯಿಂದ ಇಳಿದು, "ಯಾರ್ಗೂ ಹೇಳ್ಬ್ಯಾಡ ಕಣೇ, ಮಗು ನೊಂದ್ಕೋತದೆ" ಎಂದಿರಂತೆ. ಆಗ ಇಪ್ಪತ್ತನಾಲ್ಕು ವರ್ಷದ ಮಗು ನಾನು. ಹನುಮಕ್ಕ ಅಷ್ಟಕ್ಕೆ ಬಿಡುವವಳೇ? "ಅಲ್ಲ ಕಣಕ್ಕ, ಅಕಸ್ಮಾತ್ ಉಪ್ಪಾಗಿದ್ದಿದ್ರೆ ಏನ್ ಮಾಡ್ತಿದ್ದೆ?" ಎಂದು ಕೇಳಿದಳಂತೆ.

ನೀವು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಇನ್ನೇನ್ ಮಾಡೋದು, ಹಬ್ಬದೊಳಗೆ ಹಲಗೆ ಬದಲಾಯಿಸ್ತಿದ್ದೆ" ಎಂದಿರಂತೆ.

ಅತ್ತಿಗೆ, ಉಪ್ಪು ಸಿಕ್ಕಿದ್ದರೂ ನೀವು ನನ್ನ ಕಡೆಗೇ ಇರುತ್ತಿದ್ದಿರಿ, ನನ್ನ ಕೋಪ ಅಲ್ಲೇ ಇಳಿಯಿತು. ದೇವರು ನಿಮ್ಮನ್ನು ನೆಟ್ಟಗಿಟ್ಟಿರಲಿ, ನಿಮಗೆ ಬರುವ ನೋವೇನಿದ್ದರೂ ಅದು ನನ್ನ ಪಾಲಿಗೆ ಇರಲಿ. ಈ ತಿಂಗಳು ಮುಗಿಯುವುದರೊಳಗೆ ಮಗುವನ್ನು ಕರೆದುಕೊಂಡು ಬಂದು ನಿಮ್ಮ ಕಾಲಿಗೆ ಬೀಳುತ್ತೇನೆ, ಆವತ್ತು ಬೈಯಬೇಡಿ.

ನಿಮ್ಮ ಮಗು,
ಪುಟ್ಟರಂಗ