ಕುರ್ಚಿ ಬಿಟ್ಟವರ ಪಕ್ಕದ ಮೇಜು

ಅತ್ತೆ, ಈ ಮಾತು ಬಿಟ್ಟು ಬರೀ ಈ ಊರಿನ ಚಳಿಯ ವಿಷಯ ಬರೆದು ಮುಗಿಸುವವಳಿದ್ದೆ.

ಇಲ್ಲಿ ನನ್ನ ಪಕ್ಕದ ಮೇಜಿನಲ್ಲಿ, ಎಲ್ಲರೂ ಅಜ್ಜಿ ಎಂದೇ ಕರೆಯುವ ಒಬ್ಬರು ಕೂತು ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಾರೆ. ಹಿಂದೆ ಇಡೀ ಆಫೀಸಿಗೆ ಮುಖ್ಯಸ್ಥರಾಗಿದ್ದವರು, ಬರೆಯುವ ಕೆಲಸವೇ ಇಷ್ಟವೆಂದು ತಾವಾಗಿ ಕುರ್ಚಿ ಬಿಟ್ಟರಂತೆ. ನಿನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವರು ಬರೆದ ಟಿಕೆಟ್ ಕೊಡುವ ಪ್ರೋಗ್ರಾಂ ನೋಡಿ, "ಅಜ್ಜಿ, ಇದು ತಪ್ಪು. ಇಬ್ಬರು ಒಟ್ಟಿಗೆ ಟಿಕೆಟ್ ತಗೊಂಡ್ರೆ ಒಂದೇ ಸೀಟು ಇಬ್ಬರಿಗೂ ಹೋಗುತ್ತೆ" ಎಂದಳು. ಅವರು ಕನ್ನಡಕ ಏರಿಸಿಕೊಂಡು, "ಅಯ್ಯೋ, ಹೌದಲ್ಲ! ಒಬ್ಬರ ತೊಡೆ ಮೇಲೆ ಇನ್ನೊಬ್ಬರನ್ನ ಕೂರಿಸ್ತಿದ್ದೆ ಕಣೇ" ಎಂದು ಜೋರಾಗಿ ನಕ್ಕು ತಿದ್ದಿದರು. ಅಷ್ಟು ಹಗುರವಾಗಿ ನಗಲು ನನಗೆ ಬಂದೀತೇ?

ಬೀದಿಗೆಲ್ಲ ನೀವು 'ನಮ್ಮ ಸೊಸೆ ಮ್ಯಾನೇಜರ್' ಎಂದು ಹೇಳಿಕೊಂಡಿದ್ದೀರಿ. ಆ ಹುದ್ದೆ ಬಿಟ್ಟು ನಾನೂ ಮತ್ತೆ ಪ್ರೋಗ್ರಾಂ ಬರೆಯಬೇಕೆಂದಿದ್ದೇನೆ. ಸಂಬಳ ಸ್ವಲ್ಪ ಇಳಿಯುತ್ತದೆ, ಮನೆ ನಡೆಯುತ್ತದೆ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ, ನಿಮ್ಮ ಮಗನನ್ನಲ್ಲ. ಮಂಡಿನೋವಿನ ಮಾತ್ರೆ ತಪ್ಪಿಸಬೇಡಿ.

ಆಫೀಸಿನ ಮೇಲಿನವರಿಗೆ ತಿಳಿಸುವುದು ಮಾರ್ಚ್ ಹದಿನೆಂಟಕ್ಕೆ. ನಿಮಗೆ ಮೊದಲೇ ಹೇಳಿಬಿಟ್ಟರೆ ಮತ್ತೆ ಹಿಂದೆ ಸರಿಯಲಾರೆ. ಅಷ್ಟರಲ್ಲಿ ನನ್ನ ಧೈರ್ಯ ಜಾರದಿರಲೆಂದು ಈ ಕಾರ್ಡನ್ನು ಅಂಚೆಗೆ ಹಾಕುವುದು ಹಿಂದಿನ ದಿನವೇ, ಹದಿನೇಳಕ್ಕೆ.