ಸೀವುಡ್ಸಿನಲ್ಲಿ ಒಂದು ಬೋಗುಣಿ ರಾಮೆನ್

ಡೊಂಬಿವಲಿ ಪೂರ್ವ
೧೮ ಜನವರಿ ೨೦೨೫

ಪ್ರೀತಿಯ ಚಂಪಾ,

ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಅರ್ಧವೂ ತಲುಪುವುದಿಲ್ಲ. ಇದು ಅರ್ಧ ಕೇಳುವ ಸುದ್ದಿಯಲ್ಲ ಮಾರಾಯ್ತಿ!

ನಮ್ಮ ಅಶ್ಮಿತಾ ಸೀವುಡ್ಸಿನ ಜಪಾನಿ ಹೋಟೆಲಿನಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತಲ್ಲ, ಹೊಸ ವರ್ಷದಿಂದ ಅಲ್ಲಿನ ಅಡುಗೆಮನೆಯೆಲ್ಲ ಅವಳ ಕೈಗೇ ಬಂದಿದೆ. ಅಪ್ಪ ತನ್ನ ಹೋಟೆಲಿನ ಒಲೆಯ ಹತ್ತಿರ ಸೇರಿಸಲಿಲ್ಲವೆಂದು ಮನೆ ಬಿಟ್ಟ ಹುಡುಗಿ! ಈ ನಾಲ್ಕು ವರ್ಷ ನಾನೂ ಅವಳೂ ಠಾಣೆ ಸ್ಟೇಷನ್ನಿನ ಬೆಂಚಿನಲ್ಲೇ ಭೇಟಿಯಾಗುತ್ತಿದ್ದೆವು. "ಅಮ್ಮಾ, ಈಗಲಾದರೂ ಬಂದು ನನ್ನ ಕೈಯಡುಗೆ ತಿನ್ನು" ಎಂದಳು. ಮೊನ್ನೆ ಬುಧವಾರ ನಮ್ಮವರು ತಮ್ಮ ಹೋಟೆಲಿಗೆ ಹೊರಟದ್ದೇ ತಡ, ಮೈಸೂರು ರೇಷ್ಮೆ ಉಟ್ಟು ಲೋಕಲ್ ಹತ್ತಿದೆ. ಎರಡು ಕಡೆ ಗಾಡಿ ಬದಲಿಸಿ ಸೀವುಡ್ಸಿನಲ್ಲಿ ಇಳಿದೆ.

ಇಪ್ಪತ್ತು ಜನ ಕೂರುವ ಪುಟ್ಟ ಜಾಗ. ಹೊರಗೆ ಆಫೀಸಿನವರ ಸಾಲು. ಒಲೆಗೆ ಎದುರಾಗಿ ಉದ್ದನೆಯ ಮರದ ಕಟ್ಟೆ, ಅದರ ಮುಂದೆ ಎತ್ತರದ ಕುರ್ಚಿ. ನನ್ನನ್ನು ಅಲ್ಲೇ ಹತ್ತಿಸಿ ಕೂರಿಸಿದರು. ಹಬೆಯ ನಡುವೆ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನಿಂತವಳು ನನ್ನ ಮಗಳೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಮೂವರು ಗಂಡಸರು ಅವಳ ಮಾತಿಗೆ ಕಾದು ನಿಂತಿದ್ದರು!

ಅವಳು ನನ್ನ ಮುಂದಿಟ್ಟ ರಾಮೆನ್ ಬೋಗುಣಿಯೋ, ನಮ್ಮ ಮನೆಯ ಸಾರಿನ ಪಾತ್ರೆಯಷ್ಟಿದೆ. ಕೋಳಿ ಎಲುಬನ್ನು ಹತ್ತು ತಾಸು ಕುದಿಸಿದ ಸಾರಂತೆ, ಹಾಲಿನಷ್ಟು ಬಿಳಿ. ಅದರಲ್ಲಿ ಶ್ಯಾವಿಗೆಯಂಥ ಉದ್ದನೆಯ ಎಳೆಗಳು, ಮೇಲೆ ಅರೆಬೆಂದ ಮೊಟ್ಟೆ. ತಿನ್ನಲು ಎರಡು ಕಡ್ಡಿ! ಎತ್ತಿದರೆ ಜಾರುತ್ತದೆ, ಮತ್ತೆ ಎತ್ತಿದರೆ ಸೆರಗಿಗೆ ಬೀಳುತ್ತದೆ.

"ಅರೇ ಅಮ್ಮಾ, ಐಸೇ ನಹೀಂ, ಹಾಗಲ್ಲ. ಸೊರ್ ಅಂತ ಎಳಿ. ಇಲ್ಲಿ ಶಬ್ದ ಮಾಡಿದ್ರೇ ನಮ್ಗೆ ಖುಷಿ."

"ಸಣ್ಣವಳಿರುವಾಗ ಹಾಗೆ ತಿಂದ್ರೆ ನಿಂಗೆ ಪೆಟ್ಟು ಕೊಡ್ತಿದ್ದೆನಲ್ಲ!"

"ಈಗ ಎಳೀದಿದ್ರೆ ನಾನು ಕೊಡ್ತೇನೆ!"

ಎಳೆದೆ ಚಂಪಾ, ಇಡೀ ಹೋಟೆಲಿಗೆ ಕೇಳುವ ಹಾಗೆ. ನಾಲಿಗೆ ಸುಟ್ಟಿತು, ಮೂಗು ಸೋರಿತು, ಬಿಡಲಾಗಲಿಲ್ಲ. "ಎಂಚ ಉಂಡು?" ಎಂದು ತುಳುವಿನಲ್ಲಿ ಕೇಳಿದಳು. ಹೇಗಿದೆಯೆಂದು ಹೇಳಲು ಬಾಯಿ ಖಾಲಿಯಿದ್ದರೆ ತಾನೇ? ಪಕ್ಕದಲ್ಲಿದ್ದವನು ಬೋಗುಣಿಯನ್ನೇ ಎತ್ತಿ ಕೊನೆಯ ಹನಿಯವರೆಗೂ ಕುಡಿದು, "ಕಿಸ್ನೇ ಬನಾಯಾ?" ಎಂದು ಮಾಡಿದವರು ಯಾರೆಂದು ಕೇಳಿದ. "ಮೇರೀ ಬೇಟೀ, ನನ್ನ ಮಗಳು!" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು, ಯಾರೋ ಚಪ್ಪಾಳೆ ಹೊಡೆದರು. ಅಶ್ಮಿತಾ ಕೆಂಪಗಾಗಿ ಸೌಟಿನ ಕಡೆಗೆ ಬಾಗಿದಳು. ಹೊರಡುವಾಗ ಮಾತ್ರ ಮೆಲ್ಲಗೆ, "ಅಪ್ಪಂಗೆ ಹೇಳ್ಬೇಡ" ಎಂದಳು.

ನಿನ್ನ ಮೊಮ್ಮಗಳು ಚಿನ್ನುವಿಗೆ ನನ್ನ ಮುತ್ತು, ಆಶೀರ್ವಾದ. ಅವಳ ಕೈಗೂ ಬೇಗ ಒಂದು ಸೌಟು ಕೊಡು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಜಯಲತಾ

ತಾ.ಕ.: ಇದನ್ನು ಯಾರಿಗೂ ಓದಿ ಹೇಳಬೇಡ. ಅಂದು ಅಶ್ಮಿತಾ ಹೋಟೆಲಿನ ಒಲೆಗೆ ಬರುತ್ತೇನೆಂದಾಗ ನಮ್ಮವರು ಬೇಡವೆನ್ನಲೇ ಇಲ್ಲ. "ಬರಲಿ, ಒಲೆ ಕಲೀಲಿ" ಎಂದಿದ್ದರು. ಹೋಟೆಲಿನ ಒಲೆ ಮುಂದೆ ನಿಂತ ಹುಡುಗಿಗೆ ಗಂಡು ಸಿಗಲಾರದೆಂದು ಹೆದರಿ, "ನಿನ್ನಪ್ಪ ಒಪ್ಪುವುದಿಲ್ಲ" ಎಂದು ಸುಳ್ಳು ಹೇಳಿದವಳು ನಾನು. ತನ್ನ ಸಣ್ಣ ಹೋಟೆಲೆಂದರೆ ಮಗಳಿಗೆ ನಾಚಿಕೆ ಎಂದು ಇವರು ಈಗಲೂ ತಿಳಿದಿದ್ದಾರೆ. ಬರುವ ಬುಧವಾರ ಇವರನ್ನೂ ಕರೆದುಕೊಂಡು ಹೋಗುತ್ತೇನೆ. ರೈಲಿನಲ್ಲಿ ಇವರಿಗೆ ಹೇಳುತ್ತೇನೆ, ಅಲ್ಲಿ ಅವಳಿಗೆ. ಅಪ್ಪ ಮಗಳು ಮಾತಾಡುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ಜೊತೆ ಯಾರು ಮಾತಾಡುತ್ತಾರೋ ಗೊತ್ತಿಲ್ಲ.