ಮೊದಲ ಪಂಕ್ತಿಯಲ್ಲಿ ಕೂರುವುದಾದರೆ

ಶೆಟ್ಟಿಹಳ್ಳಿ, ತುಮಕೂರು
18 ಜನವರಿ 2026, ಭಾನುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಉಮಾ ಮಾಡುವ ಶರಣು. ನಾನು ಇಲ್ಲಿ ಚೆನ್ನಾಗಿದ್ದೇನೆ.

ಮೊದಲು ನನ್ನ ಅಕ್ಷರವನ್ನು ಮನ್ನಿಸು. ಸಾಮಾನಿನ ಚೀಟಿ ಬರೆಯುವುದು ಬಿಟ್ಟರೆ ನನಗೆ ಪೆನ್ನು ಹಿಡಿಯುವ ಕೆಲಸವೇ ಬರುವುದಿಲ್ಲ. ಸಾಲು ನೆಟ್ಟಗಿಲ್ಲ, ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ತಿಳಿಯದು. ನೀನೇ ಸರಿ ಮಾಡಿಕೊಂಡು ಓದು. ತಮ್ಮ ಸಿದ್ದಾರ್ಥನ ಕೈಗೆ ಕೊಡಬೇಡ, ಅವನು ಮೇಷ್ಟ್ರ ಹಾಗೆ ಗೀಟು ಹಾಕಿ ನಗುತ್ತಾನೆ. ಸಂಕ್ರಾಂತಿಗೇ ಬರೆಯಬೇಕೆಂದಿದ್ದೆ. ಆದರೆ ನಮ್ಮ ಟೂರಿನ ಚನ್ನಬಸವಯ್ಯನವರ ಕಾಶಿ ಬಸ್ಸು ಹೊರಡುವುದಿತ್ತು. ಹೋಗುವವರಿಗೆ ದಾರಿಗೆಂದು ಚಟ್ನಿಪುಡಿ, ಹುಳಿಪುಡಿ ಮಾಡಿಕೊಡುವಷ್ಟರಲ್ಲಿ ಹಬ್ಬ ಕಳೆದುಹೋಯಿತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೋದ ವಾರ ಹೇಳಿದೆನಲ್ಲ, ನೀನು "ಆಯ್ತು ಬುಡು, ನೋಡಣ" ಎಂದು ಇಟ್ಟುಬಿಟ್ಟೆ. ನಿನ್ನ 'ನೋಡಣ' ಎಂದರೆ 'ಇಲ್ಲ' ಎಂದು ನನಗೆ ಚಿಕ್ಕಂದಿನಿಂದ ಗೊತ್ತು. ಜೋರಾಗಿ ವಾದ ಮಾಡಲು ನನಗೆ ಬಾಯಿ ಬರುವುದಿಲ್ಲ. ಕಾಗದವಾದರೆ ನೀನು ಮಧ್ಯದಲ್ಲಿ ಮಾತು ಕತ್ತರಿಸುವ ಹಾಗಿಲ್ಲ.

ವಿಷಯ ಇಷ್ಟೆ. ಶಿವರಾತ್ರಿ ಕಳೆದ ಮೇಲೆ ಚನ್ನಬಸವಯ್ಯನವರು ಮತ್ತೆ ವಿಯೆಟ್ನಾಮಿಗೆ ಒಂದು ತಂಡ ಕರೆದುಕೊಂಡು ಹೋಗುತ್ತಿದ್ದಾರೆ. ನಾನು ಎಂದಿನ ಹಾಗೆ ಅಡುಗೆಗೆ ಹೋಗುತ್ತೇನೆ. ಆ ತಂಡದಲ್ಲಿ ನಿನ್ನ ಹೆಸರಿಗೆ ಒಂದು ಸೀಟು ಹಿಡಿದಿದ್ದೇನೆ. ಅಡುಗೆ ಸಹಾಯಕ್ಕಲ್ಲ, ಊರು ನೋಡುವುದಕ್ಕೆ. ಈ ಶುಕ್ರವಾರದೊಳಗೆ ನಿನ್ನ ಪಾಸ್‌ಪೋರ್ಟು ಆಫೀಸಿಗೆ ಬರದಿದ್ದರೆ ಆ ಸೀಟು ಗೂಳೂರಿನವರೊಬ್ಬರಿಗೆ ಹೋಗುತ್ತದೆ. ಮಠದವರ ಜೊತೆ ನೇಪಾಳಕ್ಕೆ ಹೋಗಲೆಂದು ಮಾಡಿಸಿ, ಕೊನೆಗೆ ಹೋಗದೆ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೀಯಲ್ಲ, ಅದೇ ಪಾಸ್‌ಪೋರ್ಟು. ಸೀಟಿಗೆ ಎಷ್ಟಾಯಿತು ಎಂದು ಮಾತ್ರ ಕೇಳಬೇಡ.

ಈಗ ನೀನು ಫೋನಿನಲ್ಲಿ ಹೇಳಿದ ಒಂದೊಂದು ಮಾತಿಗೂ ಉತ್ತರ ಬರೆಯುತ್ತೇನೆ.

"ಹಾವು ಕಪ್ಪೆ ತಿನ್ನೋ ದೇಶಕ್ಕೆ ನಾನ್ಯಾಕ್ ಬರ್ಲೇ" ಎಂದೆ. ನೀನು ತಿನ್ನುವುದು ನಾನು ಮಾಡಿದ್ದನ್ನು. ನಾವು ಉಳಿಯುವ ಊರಿನ ಹೆಸರು ಹೋಯ್ ಆನ್. ಅಲ್ಲಿ ಚನ್ನಬಸವಯ್ಯನವರು ಒಂದು ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುತ್ತಾರೆ. ರಾಗಿಹಿಟ್ಟು, ಬೇಳೆ, ಪುಡಿಗಳು ಇಲ್ಲಿಂದಲೇ ಬರುತ್ತವೆ. ತರಕಾರಿ ಅಲ್ಲೇ ಸಿಗುತ್ತದೆ, ಕುಂಬಳಕಾಯಿ, ಬಾಳೆಹೂವು, ತೆಂಗಿನಕಾಯಿ, ಹೆಸರು ಗೊತ್ತಿಲ್ಲದ ಎಷ್ಟೋ ಸೊಪ್ಪು. ನಾನು ಮುದ್ದೆ ತಿರುವುವಾಗ ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಒಂದು ದಿನ ಒಂದು ಉಂಡೆ ಕೊಟ್ಟೆ. ಅಗಿದು ಅಗಿದು ಸಾಕಾಗಿ, ಕೈ ಮುಗಿದು ಹೋದಳು. ನುಂಗಬೇಕು ಎಂದು ಹೇಳುವ ಭಾಷೆ ನನ್ನ ಹತ್ತಿರ ಇರಲಿಲ್ಲ.

ಹೊರಗೆ ಏನಾದರೂ ಬಾಯಿಗೆ ಹಾಕಬೇಕೆನಿಸಿದರೆ 'ಚಾಯ್' ಎಂದು ಹೇಳು. ಅಲ್ಲಿ ಸಸ್ಯಾಹಾರಕ್ಕೆ ಹಾಗೆನ್ನುತ್ತಾರೆ. ಆದರೂ ಸಾರಿನಂಥದ್ದು ಮುಟ್ಟಬೇಡ, ಮೀನಿನ ರಸ ಬಿದ್ದಿರುತ್ತದೆ. ಕಬ್ಬಿನ ಹಾಲು ಧೈರ್ಯವಾಗಿ ಕುಡಿ. ಪುಟ್ಟ ನಿಂಬೆಯಂಥ ಹಣ್ಣು ಹಾಕಿ ಅರೆಯುತ್ತಾರೆ, ನಮ್ಮ ಬಸ್‌ಸ್ಟ್ಯಾಂಡಿನದಕ್ಕಿಂತ ರುಚಿ.

ಊರು ನಿನಗೆ ಹಿಡಿಸುತ್ತದೆ ಅವ್ವ. ಅಲ್ಲಿ ಯಾರಿಗೂ ಅವಸರವಿಲ್ಲ. ಹಳೇ ಪೇಟೆಯ ಮನೆಗಳಿಗೆಲ್ಲ ಅರಿಶಿನದ ಬಣ್ಣ, ಗೋಡೆಯ ಮೇಲೆಲ್ಲ ಕಾಗದದ ಹೂವಿನ ಬಳ್ಳಿ. ಪಕ್ಕದಲ್ಲೇ ನದಿ. ನದಿ ಎಂದರೆ ಸದ್ದು ಮಾಡಿ ಹರಿಯುವುದಲ್ಲ, ಕುಣಿಗಲ್ ಕೆರೆ ತುಂಬಿದಾಗ ಇರುತ್ತದಲ್ಲ, ಹಾಗೆ ಸುಮ್ಮನೆ ಇರುತ್ತದೆ. ಬೆಳಿಗ್ಗೆ ಬೇಗ ಎದ್ದು, ಅಂಗಡಿಗಳು ತೆಗೆಯುವ ಮೊದಲು ಬೀದಿಯಲ್ಲಿ ಒಂದು ಸುತ್ತು ಬಾ. ಆಗ ಮುದುಕರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ನಕ್ಕರೆ ನಗುತ್ತಾರೆ. ಬಿಸಿಲು ಏರಿದ ಮೇಲೆ ಹೊರಗೆ ಹೋಗಬೇಡ, ಸೆಖೆಗೆ ತಲೆ ಸುತ್ತುತ್ತದೆ. ಉಂಡು ಮಲಗು. ನೀನು ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿಯೇ ಇಲ್ಲ, ಅಲ್ಲಿ ಇಡೀ ಊರೇ ಮಲಗುತ್ತದೆ, ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಸಂಜೆ ಆ ಬೀದಿಗಳಿಗೆ ಗಾಡಿ ಬಿಡುವುದಿಲ್ಲ, ನಡುಬೀದಿಯಲ್ಲೇ ನಡೆಯಬಹುದು. ದರ್ಜಿ ಅಂಗಡಿಯವರು ಕೈ ಹಿಡಿದು ಕರೆಯುತ್ತಾರೆ. ಕುಪ್ಪಸ ಹೊಲಿಸಬೇಡ, ನಮ್ಮ ಅಳತೆ ಅವರಿಗೆ ಗೊತ್ತಾಗುವುದಿಲ್ಲ.

ಚಾವಣಿ ಹಾಕಿದ ಒಂದು ಹಳೇ ಸೇತುವೆ ಇದೆ. ಅದರ ಒಂದು ತುದಿಯಲ್ಲಿ ನಾಯಿಗಳ ಬೊಂಬೆ, ಇನ್ನೊಂದು ತುದಿಯಲ್ಲಿ ಕೋತಿಗಳ ಬೊಂಬೆ. ಕುಣಿಗಲ್ಲಿನ ರಂಗಲಕ್ಷ್ಮಮ್ಮ ಹೋದ ಸಲ ಮಗಳು ಮಾಲಿನಿಯ ಜೊತೆ ಬಂದಿದ್ದರಲ್ಲ, ಅವರು ಕೋತಿಯ ಮುಂದೆ ಚಪ್ಪಲಿ ಬಿಟ್ಟು ನಿಂತುಬಿಟ್ಟರಂತೆ.

"ಅಮ್ಮ, ಅದು ಬರೀ ಕೋತಿ ಕಣಮ್ಮ" ಎಂದಳಂತೆ ಮಾಲಿನಿ.

"ಬರೀ ಕೋತೀನ ಯಾರಾದ್ರೂ ಕಟ್ಟೆ ಕಟ್ಟಿ ಕೂರಿಸ್ತಾರೇನೇ? ಸುಮ್ನೆ ಕೈ ಮುಗಿ."

ಹಿಂದೆ ಬರುತ್ತಿದ್ದ ಬೇರೆ ದೇಶದವರೂ ಇವರನ್ನು ನೋಡಿ ಕೈ ಮುಗಿದರಂತೆ. ಊಟಕ್ಕೆ ಕೂತಾಗ ಮಾಲಿನಿ ಇದನ್ನು ಹೇಳಿ, ಸಾರು ಬಡಿಸುತ್ತಿದ್ದ ನನಗೂ ಸೌಟು ಹಿಡಿಯಲಾಗದಷ್ಟು ನಗು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಪೇಟೆ ಬೀದಿಯನ್ನು ನಾನೇ ನೋಡಿದ್ದೇನೆ, ಬೆಳಿಗ್ಗೆ ಸಾಮಾನಿಗೆ ಹೋದಾಗ. ಉಳಿದದ್ದು ಹೆಚ್ಚಾಗಿ ಉಣ್ಣುವವರ ಬಾಯಲ್ಲಿ ಕೇಳಿದ್ದು. ತಿಂಡಿ ಮುಗಿದರೆ ಮಧ್ಯಾಹ್ನದ ಅಡುಗೆ, ಅದು ಮುಗಿದರೆ ರಾತ್ರಿಯದು. ನದಿಯಲ್ಲಿ ಸಂಜೆ ದೋಣಿಗಳಿಗೆ ಬಣ್ಣಬಣ್ಣದ ಬುಟ್ಟಿದೀಪ ಕಟ್ಟುತ್ತಾರೆ, ಹುಟ್ಟು ಹಾಕುವವರು ನಿನ್ನ ವಯಸ್ಸಿನ ಹೆಂಗಸರು. ಹುಣ್ಣಿಮೆಯ ಹಿಂದಿನ ಸಂಜೆ ಹಳೇ ಪೇಟೆಯಲ್ಲಿ ಕರೆಂಟಿನ ದೀಪ ಆರಿಸಿಬಿಡುತ್ತಾರಂತೆ, ನೀರಿನ ಮೇಲೆ ತೇಲಿಬಿಟ್ಟ ಹಣತೆಗಳಷ್ಟೇ ಬೆಳಕು. ನಾವು ಅಲ್ಲಿರುವಾಗಲೇ ಆ ಸಂಜೆ ಬರುತ್ತದೆ. ಚನ್ನಬಸವಯ್ಯನವರು ಮೊನ್ನೆ ಅಂದರು: "ಉಮಾ, ನಿಮ್ಮಮ್ಮ ಬಂದ್ರೆ ಅವತ್ತೊಂದಿನ ಒಲೇನ ಅಂಜನಪ್ಪನಿಗೆ ಬುಟ್ಟು ನೀನೂ ದೋಣಿ ಹತ್ತವ್ವ. ಅವ್ನ್ ಮಾಡಿದ ಉಪ್ಪಿಟ್ಟನ್ನ ಒಂದೊತ್ತು ಎಲ್ರೂ ತಡ್ಕೋತೀವಿ." ಅಂಜನಪ್ಪ ನಮ್ಮ ಜೊತೆ ಪಾತ್ರೆ, ಬಡಿಸುವುದು ಎಲ್ಲ ನೋಡಿಕೊಳ್ಳುವವನು. ಅವನು ಅಲ್ಲೇ ನಿಂತಿದ್ದ. "ನನ್ ಉಪ್ಪಿಟ್ಟಿಗೇನಾಗೈತೆ ಬುದ್ಧಿ?" ಎಂದ.

ಇನ್ನು ಪೂಜೆಯ ವಿಷಯ. "ನಮ್ ದೇವ್ರಿಲ್ಲದ ಊರಲ್ಲಿ ಲಿಂಗಪೂಜೆ ಹೆಂಗೆ ಮಾಡ್ಕೊಳ್ಳೋದು" ಎಂದೆ. ಇದಕ್ಕೆ ನಾನು ಗುಬ್ಬಿಯ ರುದ್ರಯ್ಯನವರ ಕತೆ ಹೇಳಬೇಕು. ತೆಂಗಿನಕಾಯಿ ಮಂಡಿ ಇಟ್ಟಿರುವವರು, ಹಣೆಯಲ್ಲಿ ಮೂರು ಬೆರಳು ವಿಭೂತಿ ಇಲ್ಲದೆ ಯಾರೂ ಅವರನ್ನು ನೋಡಿಲ್ಲ. ವಿಯೆಟ್ನಾಮಿನಲ್ಲಿ ವಿಭೂತಿ ಸಿಗುವುದಿಲ್ಲವೆಂದು ಹೋದ ಸಲ ಅವರು ಒಂದು ಚೀಲ ತುಂಬ ಗಟ್ಟಿ ತಂದಿದ್ದರು. ಅಲ್ಲಿನ ಏರ್‌ಪೋರ್ಟಿನಲ್ಲಿ ಅಧಿಕಾರಿ ಚೀಲ ಬಿಚ್ಚಿದ. ಒಳಗೆ ನೋಡಿದರೆ ಬೆಳ್ಳಗಿನ ಗಟ್ಟಿಗಳು. ಮೂಸಿದ, ಗೀರಿದ, ಇನ್ನೊಬ್ಬನನ್ನು ಕರೆದ. ಏನೋ ಮಾದಕ ಪದಾರ್ಥ ಎಂದುಕೊಂಡಿರಬೇಕು.

"ಅಯ್ನೋರೇ, ಇಷ್ಟೊಂದ್ ಯಾಕ್ ತಂದ್ರಿ?" ಎಂದು ಚನ್ನಬಸವಯ್ಯನವರು ಪಿಸುಗುಟ್ಟಿದರು.

"ಬೋಳು ಹಣೇಲಿ ತಿರುಗಕ್ಕಾಗ್ತದೇನ್ರಿ?" ಎಂದು ರುದ್ರಯ್ಯನವರು ಒಂದು ಗಟ್ಟಿ ತೆಗೆದು, ಬಾಟಲಿ ನೀರು ಹನಿಸಿ, ತಮ್ಮ ಹಣೆಗೆ ಎಳೆದು ತೋರಿಸಿದರು. ಅಧಿಕಾರಿಗೆ ಇನ್ನೂ ಅನುಮಾನ. ಆಗ ಪಕ್ಕದಲ್ಲಿದ್ದ ಅಂಜನಪ್ಪನನ್ನು ಎಳೆದು ಅವನ ಹಣೆಗೂ ಪಟ್ಟೆ ಬಳಿದರು.

"ಬುದ್ಧಿ, ನಾವು ನಾಮದೋರು" ಎಂದ ಅಂಜನಪ್ಪ.

"ಈಗ ಸುಮ್ನಿರ್ಲಾ, ಹೊರಗೆ ಹೋದ್ಮೇಲೆ ಒರೆಸ್ಕೊಳ್ಳುವಂತೆ."

ಅಧಿಕಾರಿ ನಕ್ಕುಬಿಟ್ಟ. ಚೀಲ ಬಿಟ್ಟುಕೊಟ್ಟ. ಅದಕ್ಕೇ ಹೇಳುತ್ತಿದ್ದೇನೆ, ನೀನು ಒಂದೇ ಗಟ್ಟಿ ತಾ, ಪುಟ್ಟ ಡಬ್ಬಿಯಲ್ಲಿ. ಲಿಂಗದ ಬೆಳ್ಳಿ ಕರಡಿಗೆಯನ್ನು ಮನೆಯಲ್ಲೇ ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊ. ಬೆಳ್ಳಿ ಇದ್ದರೆ ಯಂತ್ರ ಕೂಗುತ್ತದೆ, ಬಿಚ್ಚಿ ತೋರಿಸು ಎನ್ನುತ್ತಾರೆ.

ಆ ಊರಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಬೆಟ್ಟಗಳ ನಡುವೆ ಮೀ ಸನ್ ಎಂಬ ಜಾಗವಿದೆ. ಇಟ್ಟಿಗೆಯ ಗುಡಿಗಳು, ತುಂಬ ಹಳೆಯವು, ಅರ್ಧ ಬಿದ್ದಿವೆ. ಎಲ್ಲ ಶಿವನವೇ. ತಂಡ ಅಲ್ಲಿಗೆ ಹೋದ ದಿನ ಚಿತ್ರಾನ್ನದ ಡಬ್ಬಿ ಹೊತ್ತುಕೊಂಡು ನಾನೂ ಹೋಗಿದ್ದೆ. ಬಯಲಿನಲ್ಲಿ ಹುಲ್ಲಿನ ಮಧ್ಯೆ ಲಿಂಗಗಳು. ಹೂವಿಲ್ಲ, ನೀರಿಲ್ಲ, ಗಂಟೆಯಿಲ್ಲ. ರುದ್ರಯ್ಯನವರು ಬಾಟಲಿ ಎತ್ತಿ ನೀರೆರೆಯಲು ಹೋದರು. ಕಾವಲುಗಾರ ಸೀಟಿ ಊದಿದ, ಮುಟ್ಟಬಾರದು ಎಂದು ಕೈ ಆಡಿಸಿದ. ರುದ್ರಯ್ಯನವರು ಜಗಳವಾಡಲಿಲ್ಲ. "ಎಷ್ಟು ಕಾಲದಿಂದ ಒಬ್ನೇ ಕೂತವ್ನೆ ನೋಡಿ" ಎಂದರು. ಎದುರಿಗೆ ಹುಲ್ಲಿನ ಮೇಲೆ ಕೂತು, ತಮ್ಮ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದಕ್ಕೆ ನೀರು ಹನಿಸಿ, ವಿಭೂತಿ ಇಟ್ಟು ಪೂಜೆ ಮಾಡಿದರು. ಕಾವಲುಗಾರ ಸೀಟಿಯನ್ನು ಜೇಬಿಗೆ ಹಾಕಿ, ಮುಗಿಯುವ ತನಕ ಬೇರೆಯವರನ್ನು ಆ ಕಡೆ ಬಿಡದೆ ನಿಂತಿದ್ದ. ನನಗೆ ಮುಂಜಾನೆ ನೀನು ಕೆಲಸಕ್ಕೆ ಹೊರಡುವ ಮೊದಲು ಗೋಡೆಗೆ ಮುಖ ಮಾಡಿ, ಅಂಗೈ ನೋಡುತ್ತಾ ಕೂರುವುದು ನೆನಪಾಯಿತು. ಅವ್ವನನ್ನು ಇಲ್ಲಿಗೆ ಕರೆತರಬೇಕು ಎಂದು ಅಂದುಕೊಂಡದ್ದು ಅವತ್ತೇ.

ಲಗ್ನದ ಸೀಸನ್ನು ಬಿಟ್ಟು ಹೇಗೆ ಬರಲಿ ಎನ್ನಬೇಡ. ನೀನಿಲ್ಲದಿದ್ದರೂ ಛತ್ರದಲ್ಲಿ ಹುಳಿ ಕುದಿಯುತ್ತದೆ, ನಿನ್ನಷ್ಟು ಚೆನ್ನಾಗಿರುವುದಿಲ್ಲ, ಅಷ್ಟೆ. ಸಿದ್ದಾರ್ಥನ ಊಟಕ್ಕೆ ಪಕ್ಕದ ಮನೆ ಹನುಮಮ್ಮ ಒಪ್ಪಿದ್ದಾರೆ.

ನನ್ನದು ಒಂದೇ ಕಂಡೀಷನ್ನು. ಅಲ್ಲಿ ನೀನು ನನ್ನ ಅಡುಗೆಮನೆಗೆ ಕಾಲಿಡಬಾರದು. ಒಂದು ಈರುಳ್ಳಿ ಸುಲಿದುಕೊಟ್ಟರೂ ನನಗೆ ಬೇಜಾರು. ಛತ್ರದಲ್ಲಿ ಎಲ್ಲ ಪಂಕ್ತಿಯೂ ಎದ್ದ ಮೇಲೆ, ಕೊಪ್ಪರಿಗೆ ತೊಳೆದಿಟ್ಟು, ಆರಿದ ಅನ್ನಕ್ಕೆ ತಳದ ಸಾರು ಹಾಕಿಕೊಂಡು ನಿಂತೇ ಉಣ್ಣುತ್ತೀಯಲ್ಲ, ಅದನ್ನು ಅಷ್ಟು ವರ್ಷ ನೋಡಿದ್ದೇನೆ. ನೀನು ಎಲೆಯ ಮುಂದೆ ಕೂತದ್ದನ್ನು ಒಮ್ಮೆಯೂ ನೋಡಿಲ್ಲ. ಅಲ್ಲಿ ನೀನು ಮೊದಲ ಪಂಕ್ತಿಯಲ್ಲಿ, ರಂಗಲಕ್ಷ್ಮಮ್ಮನಂಥವರ ಪಕ್ಕದಲ್ಲಿ ಕೂರಬೇಕು. ಬಿಸಿ ಮುದ್ದೆ ಹಾಕುವವಳು ನಾನು. ಉಪ್ಪು ಕಡಿಮೆ ಎಂದು ಎಲ್ಲರ ಮುಂದೆ ಬೈದರೂ ಸರಿ.

ಮೊಣಕಾಲಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಸಿದ್ದಾರ್ಥನಿಗೆ ನನ್ನ ಪ್ರೀತಿ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಮಗಳು
ಉಮಾಮಹೇಶ್ವರಿ

ಮರೆತದ್ದು: ಸೋಮವಾರ.

ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ. ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ಮೊನ್ನೆ ಹನುಮಮ್ಮ ಇಲ್ಲಿಗೆ ಬಂದಿದ್ದಾಗ, ನೀನು ಬರದಿರುವ ಕಾರಣ ಹೇಳಿದರು. "ಸ್ಕೂಲ್ ಬಿಡ್ಸಿ ಮಗು ಎತ್ಕೊಳ್ಳಕ್ಕೆ ಕೂರಿಸ್ದೋಳು ನಾನು. ಈಗ ಅವ್ಳು ದುಡಿದಿದ್ರಲ್ಲಿ ಯಾವ ಮುಖ ಇಟ್ಕೊಂಡು ಊರು ಸುತ್ತಲಿ ಹನುಮಮ್ಮ" ಎಂದೆಯಂತೆ.

ಅವ್ವ, ಅಪ್ಪ ತೀರಿಕೊಂಡ ವರ್ಷ ಗುಬ್ಬಿಯಲ್ಲಿ ನೀನು ನನಗೆ ಹೇಳಿದ್ದು ನೆನಪಿದೆ: "ಈ ಲಗ್ನದ ಸೀಸನ್ ಒಂದ್ ಕಳೀಲಿ ಕಣವ್ವ, ಆಮೇಲೆ ಹೋಗುವಂತೆ." ನಾಲ್ಕನೇ ಕ್ಲಾಸು ಆಗಿತ್ತು. ಸಿದ್ದಾರ್ಥನನ್ನು ಸೊಂಟದಲ್ಲಿ ಎತ್ತಿಕೊಂಡು, ಸ್ಕೂಲಿಗೆ ಹೋಗುವ ಹುಡುಗಿಯರ ಜೊತೆ ಬೀದಿಯ ತಿರುವಿನ ತನಕ ಹೋಗಿ ವಾಪಸ್ಸು ಬರುತ್ತಿದ್ದೆ. ಸ್ಕೂಲು ಬಿಟ್ಟದ್ದಕ್ಕೆ ನನಗೆ ಅಷ್ಟು ನೋವಿಲ್ಲ. ಬೇರೆ ದಾರಿ ಇರಲಿಲ್ಲ ಎಂದು ಆಗಲೇ ಗೊತ್ತಿತ್ತು. ಆದರೆ ಆ ಸೀಸನ್ನು ಮುಗಿಯಿತು, ಅದರ ಮುಂದಿನದೂ ಮುಗಿಯಿತು, ನೀನು ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಎತ್ತಬಾರದ ಮಾತೇನೋ ಎಂದು ನಾನೂ ಸುಮ್ಮನಾದೆ. ಆ ಸುಮ್ಮನಿರುವುದು ನನಗೆ ಅಭ್ಯಾಸವಾಗಿ, ಈಗ ಎಲ್ಲರೂ ನನ್ನನ್ನು ನಾಚಿಕೆಯ ಹುಡುಗಿ ಎನ್ನುತ್ತಾರೆ.

ನೀನು ಹನುಮಮ್ಮನಿಗೆ ಹೇಳಿದ್ದನ್ನು ನನಗೆ ಹೇಳಿದ್ದರೆ ಚೆನ್ನಾಗಿತ್ತು. ಪರವಾಗಿಲ್ಲ, ಈಗ ನಾನೇ ಎತ್ತಿದ್ದೇನೆ. ನನ್ನಲ್ಲಿ ಕೋಪವಿಲ್ಲ. ನೀನು ಏನೂ ಹೇಳುವುದು ಬೇಡ. ಬಂದು ನನ್ನ ಕೈಯಿಂದ ಉಂಡರೆ ಸಾಕು.

ಇವತ್ತು ಬೆಳಿಗ್ಗೆ ಎಂ.ಜಿ. ರಸ್ತೆಯಲ್ಲಿ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೆ ಹೋಗಿ ನಿನಗೆ ಅಲ್ಲಿ ನಡೆಯಲೆಂದು ಒಂದು ಜೊತೆ ಬಟ್ಟೆ ಶೂ ತಂದೆ. ಅಳತೆ ಕೇಳಿದರು, ನನಗೆ ಗೊತ್ತಿರಲಿಲ್ಲ. ನನ್ನ ಕಾಲಿಗೇ ಹಾಕಿ, ಅಂಗಡಿಯೊಳಗೆ ಆ ಕಡೆಯಿಂದ ಈ ಕಡೆಗೆ ನಡೆದು ನೋಡಿ ತಂದಿದ್ದೇನೆ.